ಆರು ಪಾಯಿಂಟ್ ಮೂರು

ಜನವರಿ 5, ಸೋಮವಾರ

ಮುನಿರಾಜಪ್ಪನವರಿಗೆ ಹೊಸ ಹುಚ್ಚು ಹತ್ತಿದೆ. ಅವರು ನಮ್ಮ ಕ್ಲಸ್ಟರಿನ ಸಿ.ಆರ್.ಪಿ. ಹತ್ತು ಹನ್ನೆರಡು ಸರ್ಕಾರಿ ಶಾಲೆ ಸುತ್ತಿ, ನಾವು ಪಾಠ ಮಾಡುತ್ತೇವೋ ಇಲ್ಲವೋ ಎಂದು ನೋಡುವುದು ಅವರ ಕೆಲಸ. ಇವತ್ತಿನ ಸಭೆಯಲ್ಲಿ ಟೀಚರುಗಳನ್ನೆಲ್ಲ ಕೂರಿಸಿಕೊಂಡು ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಎಫ್.ಎ.ಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು.

"ಪಾಠದ ಕೊನೇ ಐದು ನಿಮಿಷ ಮೇಡಂ. ಒಂದು ಚೀಟಿ, ಒಂದೇ ಒಂದು ಲೆಕ್ಕ. ಮಾರ್ಕ್ಸ್ ಹಾಕಂಗಿಲ್ಲ, ಸುಮ್ನೆ ಓದ್ಬೇಕು. ನಾಳೆ ಏನ್ ಪಾಠ ಮಾಡ್ಬೇಕು ಅಂತ ಆ ಚೀಟಿನೇ ಹೇಳ್ತದೆ."

ಹತ್ತೊಂಬತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನಾಳೆ ಏನು ಪಾಠ ಮಾಡಬೇಕೆಂದು ಪಠ್ಯಪುಸ್ತಕ ಹೇಳುತ್ತದೆ. ಅರ್ಥ ಆಯ್ತಾ ಎಂದು ಕೇಳಿದರೆ ನಲವತ್ತೊಂದು ಮಕ್ಕಳೂ ಒಂದೇ ಉಸಿರಿಗೆ "ಆಯ್ತು ಮಿಸ್" ಅನ್ನುತ್ತವೆ. ಇನ್ನೇನು ಬೇಕಂತೆ?

ಎಫ್.ಎ. ಅಂಕಗಳನ್ನು ನಾನು ಹೇಗೆ ತುಂಬುತ್ತೇನೆಂದು ಇಲ್ಲಿ ಬರೆದರೆ ತೊಂದರೆಯಿಲ್ಲ, ಈ ಪುಸ್ತಕ ಯಾರೂ ನೋಡುವುದಿಲ್ಲ. ಇಲಾಖೆಗೆ ತೋರಿಸುವ ದಿನಚರಿ ಬೇರೆ. ಅದರಲ್ಲಿ ಎಲ್ಲ ಮಕ್ಕಳೂ ಎಲ್ಲವನ್ನೂ ಕಲಿತಿರುತ್ತಾರೆ. ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವಷ್ಟರಲ್ಲಿ ಇಡೀ ಐದನೇ ತರಗತಿಯ ಅಂಕ ಮುಗಿದಿರುತ್ತದೆ. ಮುಖ ನೆನೆಸಿಕೊಂಡು ಹಾಕುವುದು. ಸೂರ್ಯ ಮೊದಲಾದ ಮುಂದಿನ ಬೆಂಚಿನವರಿಗೆ ಹದಿನೈದಕ್ಕೆ ಹನ್ನೆರಡು, ನಡುವಿನವರಿಗೆ ಹತ್ತು, ಶೆಡ್ಡಿನ ಮಕ್ಕಳಿಗೆ ಆರು. ಪರೀಕ್ಷೆ ಮಾಡಿದ್ದರೂ ಅಷ್ಟೇ ಬರುತ್ತಿತ್ತು.

ಜನವರಿ 8, ಗುರುವಾರ

ಹೋದ ವರ್ಷದ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆ. ದಶಮಾಂಶ ಕೂಡುವುದು ನಡೆಯುತ್ತಿದೆ. 3.8 + 2.7 ಕೊಟ್ಟೆ. ಉತ್ತರ 6.5.

ಐದು ಚೀಟಿಗಳಲ್ಲಿ 6.3. ಐದೂ ಶೆಡ್ಡಿನ ಮಕ್ಕಳವು. ಶಾಲೆಯ ಹಿಂದೆ ಅಪಾರ್ಟ್‌ಮೆಂಟ್ ಏಳುತ್ತಿದೆಯಲ್ಲ, ಅಲ್ಲಿನ ತಗಡಿನ ಶೆಡ್ಡುಗಳಲ್ಲಿರುವ ರಾಯಚೂರು, ಯಾದಗಿರಿ ಕಡೆಯವರ ಮಕ್ಕಳು. ಐವರೂ ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂರುತ್ತಾರೆ. ನಡುವೆ ಕಾವೇರಿ, ಎಲ್ಲರಿಗಿಂತ ಎತ್ತರದವಳು, ಆ ಬೆಂಚಿನ ಲೀಡರು. ಕಾಪಿ ಹೊಡೆಯುವುದಕ್ಕೂ ಒಂದು ಮರ್ಯಾದೆ ಬೇಡವೇ? ಸರಿ ಉತ್ತರವನ್ನಾದರೂ ಕಾಪಿ ಮಾಡಬಾರದೇ?

ಯಾರದು ನೋಡಿ ಯಾರು ಬರೆದಿರಿ ಎಂದು ಕೇಳಿದೆ. ನಾಲ್ವರು ನೆಲ ನೋಡಿದರು. ಕಾವೇರಿ ಮಾತ್ರ ನನ್ನನ್ನೇ ನೋಡಿ, "ನಾವು ಕಾಪಿ ಹೊಡ್ದಿಲ್ರಿ ಮಿಸ್" ಅಂದಳು.

"ಹಾಗಾದ್ರೆ ಐದೂ ಜನಕ್ಕೆ ಒಂದೇ ತಪ್ಪು ಆಕಾಶದಿಂದ ಬಿತ್ತಾ?"

ಇಡೀ ಕ್ಲಾಸು ನಕ್ಕಿತು. ಅವಳ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಕಾಪಿ ಎಂದು ಬರೆದು ಗೋಡೆಗೆ ಅಂಟಿಸಿದೆ. ಉಳಿದವರಿಗೂ ಬುದ್ಧಿ ಬರಲಿ.

ಜನವರಿ 9, ಶುಕ್ರವಾರ

ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಯಾರನ್ನು ಕಳಿಸುವುದೆಂದು ಬದ್ರುನ್ನೀಸಾ ಮೇಡಂ ಕೇಳಿದರು. ನಮ್ಮ ಹೆಡ್‌ಮಿಸ್ ಅವರು. ಸೀಟು ಸಿಕ್ಕಿದರೆ ಆರರಿಂದ ಹತ್ತನೆಯವರೆಗೆ ಊಟ, ಹಾಸಿಗೆ, ಓದು ಎಲ್ಲ ಸರ್ಕಾರದ್ದು.

"ಹೋದ ವರ್ಷ ಒಂಬತ್ತು ಜನನ್ನ ಕಳ್ಸಿ ಒಬ್ರಿಗೂ ಸೀಟು ಬರ್ಲಿಲ್ಲ. ಮೇಲಿನವ್ರ ಹತ್ರ ಬೈಸ್ಕೊಂಡಿದ್ದು ನಾನು. ಈ ಸಲ ಎಫ್.ಎ.ನಲ್ಲಿ ಬಿ ಮೇಲಿದ್ದೋರು ಮಾತ್ರ, ಯಮುನಾ."

ಪಟ್ಟಿಯಲ್ಲಿ ಕಾವೇರಿಯ ಹೆಸರೂ ಇತ್ತು. ಅವಳಪ್ಪ ಹುಲಿಗೆಪ್ಪ ಡಿಸೆಂಬರಿನಲ್ಲೇ ಬಂದು ಬರೆಸಿ ಹೋಗಿದ್ದನಂತೆ. ಈ ಕಟ್ಟಡ ಮುಗಿದ ಮೇಲೆ ಅವರು ಹೊಸಕೋಟೆ ಆಚೆಯ ಸೈಟಿಗೆ ಹೋಗಬೇಕು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ನಿಂತರೆ ವರ್ಷದ ಗಂಡುಕೂಸನ್ನು ನೋಡಿಕೊಳ್ಳುವವಳು ಇವಳೇ. ಹಾಸ್ಟೆಲ್ ಸಿಕ್ಕರೆ ಹುಡುಗಿ ಓದುತ್ತಾಳೆ, ಸಿಗದಿದ್ದರೆ ಕೂಸು ಎತ್ತಿಕೊಳ್ಳುತ್ತಾಳೆ ಎಂದು ಆತನೇ ಹೇಳಿದ್ದಂತೆ.

ಪಾಪ ಅನ್ನಿಸಿತು. ಆದರೆ ಎಫ್.ಎ. ನೋಡಿದರೆ ಸಿ. ಜೊತೆಗೆ ನಿನ್ನೆಯ ಕಾಪಿ. ಹೆಸರು ಹೊಡೆದು ಹಾಕಿದೆ.

ಜನವರಿ 12, ಸೋಮವಾರ

ಐವರನ್ನೂ ಐದು ಕಡೆ ಕೂರಿಸಿದೆ. ಕಾವೇರಿ ನನ್ನ ಮೇಜಿನ ಪಕ್ಕ, ಭೀಮು ಬಾಗಿಲ ಹತ್ತಿರ. 2.9 + 4.5. ಕಣ್ಣು ಮಿಟುಕಿಸದೆ ಕಾವಲು ಕಾದೆ.

ಐದೂ ಚೀಟಿಗಳಲ್ಲಿ 7.2.

ಜನವರಿ 13, ಮಂಗಳವಾರ

ಐವರಿಗೂ ಬೇರೆ ಬೇರೆ ಲೆಕ್ಕ ಕೊಟ್ಟೆ. ಹತ್ತು ದಾಟದ, ದಶಕ ಇಲ್ಲದ ಲೆಕ್ಕ ಸರಿ ಮಾಡುತ್ತಾರೆ. ದಶಕ ಬಂದ ತಕ್ಷಣ ತಪ್ಪು. ತಪ್ಪೂ ಎಂಥದ್ದು? ಪ್ರತಿ ಸಲವೂ ಸರಿ ಉತ್ತರಕ್ಕಿಂತ ಪಾಯಿಂಟ್ ಎರಡು ಕಮ್ಮಿ. ಎಲ್ಲರದೂ ಅಷ್ಟೇ. ಮೆಟ್ರೊದಲ್ಲಿ ಕೂತು ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇಂದಿರಾನಗರದಲ್ಲಿ ಹತ್ತಿದ ಹೆಂಗಸು ನನ್ನನ್ನು ಲಾಟರಿ ಆಡುವವಳೆಂದುಕೊಂಡಳೋ ಏನೋ.

ಕಾವೇರಿಯನ್ನು ಕರೆದು ಹೇಗೆ ಮಾಡಿದೆ ಎಂದು ಕೇಳಿದ್ದೆ. ಗೋಡೆಯ ಮೇಲಿನ ಚೀಟಿ ನೋಡಿಕೊಂಡು ನಿಂತಿದ್ದಳು. ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಹೋಗು ಅಂದೆ.

ಜನವರಿ 17, ಶನಿವಾರ

ಹುಲಿಗೆಪ್ಪ ಬಂದಿದ್ದ. ಕೆಲಸದ ಬಟ್ಟೆಯಲ್ಲೇ, ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು. ಕಂಬಿ ಕಟ್ಟುವವನು. ಬಾಗಿಲಲ್ಲಿ ನಿಂತೇ ಕೇಳಿದ: "ನನ್ನ ಮಗಳು ಕಳ್ಳಿ ಏನ್ರಿ ಮೇಡಂ? ಹಬ್ಬದ ದಿನ ಸೈತ ಉಂಡಿಲ್ರಿ ಅಕಿ. ಸಾಲಿಗಿ ಹೋಗಂಗಿಲ್ಲ ಅಂತ ಕುಂತಾಳ."

ನಾನೂ ಬಿಡಲಿಲ್ಲ. ಗೋಡೆಯಿಂದ ಚೀಟಿ ಕಿತ್ತು ಕೈಗೆ ಕೊಟ್ಟೆ. ನೀವೇ ನೋಡಿ ಅಂದೆ. ಓದಲು ಬರುತ್ತದೋ ಇಲ್ಲವೋ ಎಂದೂ ಯೋಚಿಸಲಿಲ್ಲ.

ಆತ ನೋಡಿದ. ತುಟಿ ಅಲ್ಲಾಡಿತು. ಮತ್ತೆ ನೋಡಿದ.

"ಇದು ಸರಿ ಅದ ಅಲ್ರೀ."

"ಯಾವುದು ಸರಿ?"

"ಮೂರು ಎಂಟು, ಎರಡು ಏಳು. ಆರು ಮೂರು. ಸರಿ ಅದ."

ಟೇಪು ಎಳೆದು ಮೇಜಿನ ಮೇಲಿಟ್ಟು ತೋರಿಸಿದ. ಮೂರು ಅಡಿ ಎಂಟು ಇಂಚು. ಅದರ ಮುಂದೆ ಎರಡು ಅಡಿ ಏಳು ಇಂಚು. ಎಂಟೂ ಏಳೂ ಹದಿನೈದು ಇಂಚು. ಹನ್ನೆರಡಕ್ಕೆ ಒಂದು ಅಡಿ ಹೋಯಿತು, ಉಳಿದದ್ದು ಮೂರು. ಆರು ಅಡಿ ಮೂರು ಇಂಚು. ಮೇಸ್ತ್ರಿ ಕಂಬಿಯ ಅಳತೆಯನ್ನು ಹೀಗೇ ಚುಕ್ಕೆ ಇಟ್ಟು ಬರೆದು ಕೊಡುತ್ತಾನಂತೆ. ಭಾನುವಾರ ಈ ಐದೂ ಮಕ್ಕಳು ಟೇಪಿನ ತುದಿ ಹಿಡಿಯಲು ಹೋಗುತ್ತವಂತೆ. ಎರಡು ವರ್ಷದಿಂದ.

"ತಪ್ಪು ಕೂಡಿಸಿದ್ರ ಕಂಬಿ ಹಾಳಾಗ್ತದ್ರಿ. ಅದಕ್ಕ ಲೆಕ್ಕ ಹೊಡದು ಕಲಿಸೀನಿ" ಅಂದ.

ಎಲ್ಲರದೂ ಪಾಯಿಂಟ್ ಎರಡು ಕಮ್ಮಿ. ಹತ್ತಕ್ಕೂ ಹನ್ನೆರಡಕ್ಕೂ ಇರುವ ವ್ಯತ್ಯಾಸ. ಐದನೇ ತರಗತಿಯ ಮಕ್ಕಳು ಬಾಯಲ್ಲೇ ಹನ್ನೆರಡಕ್ಕೆ ದಶಕ ಏರಿಸುತ್ತಿದ್ದಾರೆ, ನಾನು ಗೋಡೆಗೆ ಕಾಪಿ ಎಂದು ಅಂಟಿಸಿದ್ದೇನೆ.

ನಾಚಿಕೆ ಆಯಿತು. ಹುಲಿಗೆಪ್ಪನಿಗೆ ಏನು ಹೇಳಿದೆನೋ ನೆನಪಿಲ್ಲ. ಟೇಪು ಮಾತ್ರ ಸೋಮವಾರಕ್ಕೆ ಕೇಳಿ ಇಸಿದುಕೊಂಡೆ.

ಜನವರಿ 19, ಸೋಮವಾರ

ಕಾವೇರಿ ಬಂದಳು. ಇಡೀ ಕ್ಲಾಸಿನ ಎದುರಿಗೆ ಹೇಳಿದೆ: ಇವರು ಕಾಪಿ ಹೊಡೆದಿರಲಿಲ್ಲ, ನಾನು ತಿಳಿದುಕೊಂಡಿದ್ದು ತಪ್ಪು.

ಆಮೇಲೆ ಟೇಪನ್ನೂ ಮೀಟರ್ ಸ್ಕೇಲನ್ನೂ ಪಕ್ಕಪಕ್ಕ ಇಟ್ಟು ಕಾವೇರಿಯ ಕೈಲೇ ಹೇಳಿಸಿದೆ. ಇಲ್ಲಿ ಹನ್ನೆರಡಾದರೆ ಒಂದು, ಅಲ್ಲಿ ಹತ್ತಾದರೆ ಒಂದು. ಸೂರ್ಯ ಕೈ ಎತ್ತಿ, "ಅಡಿಗೆ ಹತ್ತು ಇಂಚಲ್ವಾ ಮಿಸ್?" ಅಂದ. ಹದಿನೈದಕ್ಕೆ ಹನ್ನೆರಡು ಹಾಕಿದ ಹುಡುಗ.

ಚೀಟಿ ಓದಿದೆ. ನಾಲ್ವರದು ಸರಿ, ಭೀಮು ಇನ್ನೂ ಅಡಿಯಲ್ಲೇ ಇದ್ದಾನೆ. ನಾಳೆ ಅವನಿಗೆ ಹತ್ತರ ಕಟ್ಟು ಕಟ್ಟಿ ತೋರಿಸಬೇಕು, ಪೊರಕೆ ಕಡ್ಡಿ ಸಾಕು.

ವಸತಿ ಶಾಲೆಯ ಅರ್ಜಿಗೆ ಕೊನೆಯ ದಿನ 31.

ಜನವರಿ 20, ಮಂಗಳವಾರ

ಕಾವೇರಿಯ ಹೆಸರು ಸೇರಿಸಿ ಎಂದು ಬದ್ರುನ್ನೀಸಾ ಮೇಡಂ ಹತ್ತಿರ ಹೋದೆ. ಎಫ್.ಎ. ಸಿ ಇದೆಯಲ್ಲ ಅಂದರು. ತಿದ್ದಬೇಕು ಅಂದೆ. ಆನ್‌ಲೈನ್ ದಾಖಲೆ ಲಾಕ್ ಆಗಿದೆ, ತೆಗೆಸಬೇಕಾದರೆ ಕಾರಣ ಬರೆದು ಉತ್ತರ ಪತ್ರಿಕೆ ಲಗತ್ತಿಸಬೇಕು.

"ಸೆಪ್ಟೆಂಬರ್ ಎಫ್.ಎ. ಪೇಪರ್ ಇದ್ಯಾ ನಿಮ್ಮ ಹತ್ರ?"

ಇಲ್ಲ. ನಡೆದೇ ಇಲ್ಲದ ಪರೀಕ್ಷೆಗೆ ಪೇಪರ್ ಎಲ್ಲಿಂದ ಬರಬೇಕು? ಅವರು ನನ್ನ ಮುಖ ನೋಡಿದರು. ಅರ್ಥವಾಯಿತು. ಅವರೂ ಒಂದು ಕಾಲದಲ್ಲಿ ಟೀಚರಾಗಿದ್ದವರೇ.

"ಸುಮ್ನೆ ತಲೆ ಮೇಲೆ ಎಳ್ಕೋಬೇಡಿ. ಹುಡ್ಗಿನ ಕೂರ್ಸಿ ಒಂದು ಪೇಪರ್ ಬರ್ಸಿ, ಹಳೇ ತಾರೀಖು ಹಾಕ್ಸಿ. ಎಂಟ್ರಿ ಮಾಡೋವಾಗ ತಪ್ಪಾಯ್ತು ಅಂತ ಬರೀರಿ. ಹುಡ್ಗಿಗೂ ಒಳ್ಳೇದು, ನಿಮ್ಗೂ ಒಳ್ಳೇದು. ಯಾರಿಗ್ರೀ ಲಾಸು?"

ಯಾರಿಗೂ ಇಲ್ಲ. ಸರಿ ಅಂದೆ.

ಜನವರಿ 21, ಬುಧವಾರ

ಊಟದ ಬಿಡುವಿನಲ್ಲಿ ಕಾವೇರಿಯನ್ನು ಕೂರಿಸಿದೆ. ಹತ್ತು ಲೆಕ್ಕ, ಒಂಬತ್ತು ಸರಿ. ಮೇಲೆ ಹೆಸರು, ತರಗತಿ ಬರೆದಳು. ತಾರೀಖು ಸೆಪ್ಟೆಂಬರ್ ಹನ್ನೆರಡು ಎಂದು ಬರಿ ಅಂದೆ.

ಪೆನ್ನು ನಿಂತಿತು.

"ಅವತ್ತು ನಾ ಇದು ಬರದಿಲ್ಲಲ್ರಿ ಮಿಸ್."

"ಪರವಾಗಿಲ್ಲ, ಬರಿ."

ಪೆನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: "ಇದು ಕಾಪಿ ಅಲ್ಲೇನ್ರಿ?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು. ಕಾಗದ ಇಸಿದುಕೊಂಡು ಹರಿದೆ. ಊಟಕ್ಕೆ ಹೋಗು, ಸಾರು ಆರುತ್ತದೆ ಅಂದೆ.

ಜನವರಿ 22, ಗುರುವಾರ

ಬರೆದು ಕೊಟ್ಟೆ. ನಾಲ್ಕೇ ಸಾಲು. ಸೆಪ್ಟೆಂಬರಿನಲ್ಲಿ ನಾನು ಪರೀಕ್ಷೆ ನಡೆಸಲಿಲ್ಲ. ಅಂಕಗಳನ್ನು ಊಹಿಸಿ ತುಂಬಿದೆ. ಈ ವಿದ್ಯಾರ್ಥಿನಿಯನ್ನು ಮತ್ತೆ ಪರೀಕ್ಷಿಸಿ ಅಂಕ ತಿದ್ದಲು ಅನುಮತಿ ಕೋರುತ್ತೇನೆ. ಇಂತಿ.

ಬದ್ರುನ್ನೀಸಾ ಮೇಡಂ ಓದಿ ಕನ್ನಡಕ ತೆಗೆದಿಟ್ಟರು. "ಇದನ್ನ ನಾನು ಕಳ್ಸಿದ್ರೆ ನಂಗೂ ನೋಟಿಸ್ ಬರುತ್ತೆ. ರಿಟೈರ್ ಆಗೋಕೆ ಹದ್ನಾಲ್ಕು ತಿಂಗ್ಳಿದೆ, ಯಮುನಾ."

ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದರು.

ಜನವರಿ 27, ಮಂಗಳವಾರ

ಡ್ರಾಯರಿನಲ್ಲೇ ಇದೆ.

ಜನವರಿ 28, ಬುಧವಾರ

ಕೇಳಿದೆ. ನೋಡೋಣ ಅಂದರು. ಕಾಫಿಯನ್ನೂ ಕೊಡಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ನಾನೊಬ್ಬಳು ಒಪ್ಪಿಕೊಂಡರೆ ಎಲ್ಲರ ಎಫ್.ಎ.ಯನ್ನೂ ತೆಗೆದು ನೋಡುತ್ತಾರೆ ಎಂಬ ಭಯ ಅವರಿಗೆ. ಭಯ ನನಗೂ ಇದೆ.

ಈರೇಶ ಇವತ್ತು ಚೀಟಿಯಲ್ಲಿ ಉತ್ತರದ ಬದಲು "ಗೊತ್ತಿಲ್ಲ" ಎಂದು ಬರೆದಿದ್ದ. ಹೋದ ತಿಂಗಳಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ಆ ಒಂದು ಪದದಿಂದ ನಾಳೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಿತು. ಅದನ್ನೇ ಎಲ್ಲರಿಗೂ ನಿಯಮ ಮಾಡಿದೆ: ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಸುಮ್ಮನೆ ಏನೋ ಒಂದು ಗೀಚಬೇಡಿ. ಕಾವೇರಿ ತಲೆ ಆಡಿಸಿದಳು.

ಜನವರಿ 31, ಶನಿವಾರ

ಬೆಳಿಗ್ಗೆ ಶಾಲೆಗೆ ಹೋದರೆ ಮುನಿರಾಜಪ್ಪ ಕೂತಿದ್ದರು. ನಿನ್ನೆಯೇ ಬದ್ರುನ್ನೀಸಾ ಮೇಡಂ ನನ್ನ ಪತ್ರಕ್ಕೆ ಸೀಲು ಹಾಕಿ ಕಳಿಸಿದ್ದಾರೆ, ನನಗೊಂದು ಮಾತೂ ಹೇಳದೆ. ಈಗಲೂ ನನ್ನ ಕಡೆ ನೋಡಲಿಲ್ಲ.

"ಹುಡ್ಗೀನ ಕರೀರಿ. ನಾನೇ ಕೇಳ್ತೀನಿ. ನೀವು ಮಾತಾಡಂಗಿಲ್ಲ ಮೇಡಂ" ಅಂದರು ಮುನಿರಾಜಪ್ಪ.

ಆರು ಲೆಕ್ಕ ಬರೆಸಿದರು, ಐದು ಸರಿ. ಏಳನೆಯದನ್ನು ಬಾಯಲ್ಲೇ ಕೇಳಿದರು: "ಐದು ಪಾಯಿಂಟ್ ಒಂಬತ್ತು, ಎರಡು ಪಾಯಿಂಟ್ ಆರು. ಎಷ್ಟಮ್ಮಾ?"

ಕಾವೇರಿ ತುಟಿಯಲ್ಲೇ ಎರಡೆರಡು ಸಲ ಕೂಡಿಸಿದಳು. ಒಂದು ನಿಮಿಷ ಆಯಿತೇನೋ. ಮುನಿರಾಜಪ್ಪ ಗಡಿಯಾರ ನೋಡಿದರು.

"ಸರ, ಸೈಟಿಂದೇನ್ರಿ, ಪುಸ್ತಕದ್ದೇನ್ರಿ?"

"ಏನದು?"

"ಸೈಟಿಂದಾದ್ರ ಎಂಟು ಮೂರು. ಪುಸ್ತಕದ್ದಾದ್ರ ಎಂಟು ಪಾಯಿಂಟ್ ಐದು."

ಮುನಿರಾಜಪ್ಪನವರು ಬೆರಳು ಮಡಚಿ ಕೂಡಿಸಿ ನೋಡಿದರು. ಆಮೇಲೆ ಸಹಿ ಹಾಕಿದರು. ದಾಖಲೆ ತೆರೆದುಕೊಂಡದ್ದು ಹನ್ನೆರಡೂವರೆಗೆ. ಸರ್ವರ್ ಎರಡು ಸಲ ಕೈಕೊಟ್ಟಿತು. ಮೂರು ಹತ್ತಕ್ಕೆ ಅರ್ಜಿ ಹೋಯಿತು. ಹೋಗುವಾಗ ಅವರು ಒಂದು ಲಕೋಟೆ ಕೊಟ್ಟರು. ಕಾರಣ ಕೇಳಿ ನೋಟಿಸ್, ಏಳು ದಿನದಲ್ಲಿ ಉತ್ತರಿಸಬೇಕು.

"ಚೀಟಿ ಬಿಡ್ಬೇಡಿ ಮೇಡಂ" ಅಂದರು. ನೋಟಿಸ್ ಕೊಟ್ಟ ಕೈಯಿಂದಲೇ ಬೆನ್ನು ತಟ್ಟುವ ಮನುಷ್ಯ.

ಫೆಬ್ರವರಿ 17, ಮಂಗಳವಾರ

ನೋಟಿಸಿಗೆ ಇದ್ದದ್ದನ್ನೇ ಬರೆದು ಕೊಟ್ಟೆ, ಮೇಲಿನಿಂದ ಇನ್ನೂ ಏನೂ ಬಂದಿಲ್ಲ. ದಿನಾ ನಾಲ್ಕರಿಂದ ಐದರವರೆಗೆ ಪ್ರವೇಶ ಪರೀಕ್ಷೆಯ ತಯಾರಿಗೆ ಕಾವೇರಿ, ಸೂರ್ಯ, ಇನ್ನೂ ಮೂವರು ಕೂರುತ್ತಾರೆ. ಭಾಗಾಕಾರದಲ್ಲಿ ಕಾವೇರಿ ಶೇಷ ಬಿಟ್ಟುಬಿಡುತ್ತಾಳೆ. ಉಳಿದ ತುಂಡು ಕಂಬಿ ಗುಜರಿಗೆ ಹೋಗುತ್ತದಲ್ಲ, ಅದಕ್ಕೆ. ಈಗ ಮೊದಲು ಕೇಳುತ್ತೇನೆ, ಆಮೇಲೆ ತಿದ್ದುತ್ತೇನೆ. ಉತ್ತರದ ಗೋಲ ತುಂಬುವ ಓ.ಎಂ.ಆರ್. ಹಾಳೆ ತಂದು ಅಭ್ಯಾಸ ಮಾಡಿಸಿದೆ. ಪೆನ್ನು ಗಟ್ಟಿ ಒತ್ತಿ ಹಾಳೆ ತೂತು ಮಾಡುತ್ತಾಳೆ.

ಮಾರ್ಚ್ 1, ಭಾನುವಾರ

ಪರೀಕ್ಷೆ ಮುಗಿಯಿತು. ಬೆಳಿಗ್ಗೆ ಹುಲಿಗೆಪ್ಪ ಕೆಲಸ ಬಿಟ್ಟು ಬಂದಿದ್ದ. ಕಾವೇರಿಯ ತಾಯಿ ಜಟ್ಟೆಮ್ಮನೂ ಕೂಸಿನ ಜೊತೆ ಬಂದು ಗೇಟಿನ ಎದುರು ಕೂತಿದ್ದಳು. ನಾನು ಜೋಗುಪಾಳ್ಯದ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ, ಎಲ್ಲರೂ ಅದನ್ನೇ ತಿಂದೆವು.

ಸೂರ್ಯ ಓಡಿ ಬಂದ. ಕಾವೇರಿ ನಿಧಾನ ಬಂದಳು. ಮುಖ ಬೆಳಗುತ್ತಿತ್ತು.

"ಛಲೋ ಬರದೀನ್ರಿ ಮಿಸ್. ನೂರರಾಗ ತೊಂಬತ್ನಾಲ್ಕು ತುಂಬೀನಿ. ಆರು ಗೊತ್ತಿರಲಿಲ್ಲ, ಬಿಟ್ಟೀನಿ. ಸುಮ್ನ ಏನೋ ಒಂದು ಗೀಚಿಲ್ರಿ."

ಹೊಗಳುತ್ತೇನೆಂದು ಕಾಯುತ್ತಿದ್ದಳು. ತಪ್ಪಿಗೆ ಅಂಕ ಕಳೆಯದ ಪರೀಕ್ಷೆ ಅದು. ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ಒಂದು ಗೋಲ ತುಂಬಬೇಕು, ಯಾವ ಟ್ಯೂಷನ್ನಿನ ಮಗುವಿಗೂ ಗೊತ್ತಿರುತ್ತದೆ. ಚೀಟಿಯ ನಿಯಮ ಬೇರೆ, ಪರೀಕ್ಷೆಯ ನಿಯಮ ಬೇರೆ ಎಂದು ನಾನು ಹೇಳಲೇ ಇಲ್ಲ. ಆ ಮಾತೇ ತಲೆಗೆ ಹೊಳೆಯಲಿಲ್ಲ.

"ಒಳ್ಳೇದು ಮಾಡ್ದೆ" ಅಂದೆ.

ಏಪ್ರಿಲ್ 18, ಶನಿವಾರ

ಫಲಿತಾಂಶ. ಕೊನೆಯ ಸೀಟು 71 ಅಂಕಕ್ಕೆ ನಿಂತಿದೆ. ಸೂರ್ಯನಿಗೆ 73. ಕಾವೇರಿಗೆ 70.

ಅವರು ಹೋದ ವಾರವೇ ಹೊಸಕೋಟೆ ಕಡೆ ಹೋದರು. ಹುಲಿಗೆಪ್ಪನಿಗೆ ಫೋನ್ ಮಾಡಿ ಅಂಕ ಹೇಳಿದೆ, ಉಳಿದದ್ದು ಹೇಳಲಿಲ್ಲ. ಆತ ಹೂಂ ಅಂದ, ನಿಮಗೂ ತ್ರಾಸು ಆಯ್ತು ಅಂದ. ಅಡುಗೆ ಮಾಡಲಿಲ್ಲ. ಕೂತು ಅತ್ತುಬಿಟ್ಟೆ.

ಏಪ್ರಿಲ್ 20, ಸೋಮವಾರ

ಹನ್ನೊಂದು ಗಂಟೆಗೆ ಹುಲಿಗೆಪ್ಪನ ನಂಬರಿನಿಂದ ಫೋನ್ ಬಂತು. ಕಾವೇರಿ.

"ಮಿಸ್, ಗೊತ್ತಿಲ್ದಿದ್ರೂ ಗೋಲ ತುಂಬಬೌದಿತ್ತಂತಲ್ರಿ. ಸೂರ್ಯ ಎಲ್ಲಾ ತುಂಬ್ಯಾನಂತ. ಖರೇನ್ರಿ?"

ಇಲ್ಲ ಎಂದರೆ ನಂಬುತ್ತಿದ್ದಳು. ನನ್ನ ಮಾತನ್ನು ಯಾವಾಗಲೂ ನಂಬಿದ್ದಾಳೆ.

"ನಿಜ ಕಾವೇರಿ. ತುಂಬಬಹುದಿತ್ತು. ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದು, ನಿಂದಲ್ಲ."

ಆ ಕಡೆಯಿಂದ ಕಂಬಿ ಕತ್ತರಿಸುವ ಸದ್ದು, ಅದರ ನಡುವೆ ಕೂಸಿನ ಅಳು. ಬಹಳ ಹತ್ತಿರದಲ್ಲಿ ಅಳುತ್ತಿತ್ತು, ಅವಳ ಸೊಂಟದ ಮೇಲೇ ಇರಬೇಕು. ಜೂನ್‌ನಲ್ಲಿ ಶಾಲೆಗೆ ಸೇರಿಸ್ತಾರಾ ಎಂದು ಕೇಳಿದೆ.

"ಅಪ್ಪ ಹೂಂ ಅಂತಾನ. ಅವ್ವ ನೋಡೋಣ ಅಂತಾಳ." ಆಮೇಲೆ ಕೇಳಿದಳು: "ಪ್ರಶ್ನಿ ಹಾಳಿ ಅದ ಏನ್ರಿ ನಿಮ್ಮ ಹತ್ರ?"

"ಇದೆ."

"ನಾ ಬಿಟ್ಟಿದ್ದು ಆರೂ ನೆಪ್ಪದಾವ್ರಿ. ಮೊದಲ್ನೇದು ಇಪ್ಪತ್ಮೂರು. ತೆಗೀರಿ. ಫೋನ್ ಇಡಬ್ಯಾಡ್ರಿ ಮಿಸ್, ತಮ್ಮನ್ನ ಅವ್ವನ ಕಡೆ ಕೊಟ್ಟು ಬರ್ತೀನಿ."

ಇಪ್ಪತ್ತಮೂರನೆಯ ಪ್ರಶ್ನೆ ತೆಗೆದಿಟ್ಟುಕೊಂಡು ಕೂತೆ. ಸದ್ದು ಮಾತ್ರ ಕೇಳುತ್ತಿತ್ತು. ಹನ್ನೊಂದು ನಿಮಿಷ ಕಾದೆ. ಬಂದಳು.